ಗುರುವಣ್ಣ ಸಡಿಲಿಸಿದ ಬೋಲ್ಟು

ಗುರುವಣ್ಣ ಮಸ್ಕತ್ತಿನ ವಾದಿ ಕಬೀರಿನ ಒಂದು ವರ್ಕ್‌ಶಾಪಿನಲ್ಲಿ ಬೋಟಿನ ಇಂಜಿನ್ ರಿಪೇರಿ ಮಾಡುತ್ತಾರೆ. ಊರು ಮಲ್ಪೆ, ವಯಸ್ಸು ಐವತ್ತೆರಡು. ಮದುವೆಯಾಗಿಲ್ಲ. ಅಕ್ಕ ಸ್ವರ್ಣಲತಾ ಮತ್ತು ಅಕ್ಕನ ಒಬ್ಬನೇ ಮಗ ಶ್ರವಣ್, ಇಷ್ಟೇ ಅವರ ಕುಟುಂಬ. ನಮ್ಮ ಕಡೆ ಅಕ್ಕನ ಮಗನೇ ಅಳಿಯ. ಕುಟುಂಬ ಹೆಣ್ಣಿನ ಕಡೆಯಿಂದ ಮುಂದುವರಿಯುವುದರಿಂದ ಮಾವನಿಗೆ ಅಳಿಯ ಮಗನಿಗಿಂತ ಹೆಚ್ಚು.

ಶ್ರವಣ್‌ನನ್ನು ಹಡಗಿಗೆ ಸೇರಿಸಿದ್ದು ಜಯಕರ. ಅವನೂ ಮಲ್ಪೆಯವನೇ. ಮಸ್ಕತ್ತಿನ ಅಲ್ ಖುವೈರಿನಲ್ಲಿ ಆಫೀಸು ಇಟ್ಟುಕೊಂಡು ಸಣ್ಣ ಹಡಗುಗಳಿಗೆ ಕೆಲಸದವರನ್ನು ಒದಗಿಸುತ್ತಿದ್ದ. ಒಮಾನಿನ ಸೊಹಾರ್ ಬಂದರಿನಿಂದ ಶಾರ್ಜಾಕ್ಕೆ ಎಣ್ಣೆ ಸಾಗಿಸುವ ಕೆಲಸ ಎಂದು ಹೇಳಿದ್ದ. ನಾಲ್ಕನೇ ಟ್ರಿಪ್ಪಿನಲ್ಲಿ ಹಡಗು ಇರಾನಿನ ಕಡೆಗೆ ತಿರುಗಿತು. ಅಲ್ಲಿ ಡೀಸೆಲ್ ಬಹಳ ಅಗ್ಗ. ಕದ್ದು ತಂದು ಹೊರಗೆ ಮಾರುವವರು ಬೇಕಾದಷ್ಟು ಜನ ಇದ್ದಾರೆ. ಇರಾನಿನ ಗಸ್ತಿನವರು ಹಡಗನ್ನು ಹಿಡಿದು, ಅದರಲ್ಲಿದ್ದ ಏಳು ಜನರನ್ನು ಬಂದರ್ ಅಬ್ಬಾಸಿನ ಜೈಲಿಗೆ ಹಾಕಿದರು. ಇದು 2024ರ ಮಾರ್ಚಿನಲ್ಲಿ.

ಅಲ್ಲಿಯ ವಕೀಲರು ಕೇಳಿದ್ದು ಒಂದೇ ಕಾಗದ. ಹಡಗು ಎಲ್ಲಿಗೆ ಹೋಗುತ್ತದೆಂದು ಕೆಲಸದವರಿಗೆ ಗೊತ್ತಿರಲಿಲ್ಲ, ಅವರಿಗೆ ಸುಳ್ಳು ಹೇಳಿ ಹತ್ತಿಸಿದ್ದು ತಾನು ಎಂದು ಏಜೆಂಟ್ ಬರೆದು ಸೀಲು ಹಾಕಿ ಕೊಡಬೇಕು. ಜಯಕರ ಹದಿಮೂರು ತಿಂಗಳು ನಾಳೆ ನಾಳೆ ಎಂದ. ಆಮೇಲೆ ಅವನಿಗೆ ಬೇರೆ ನೆಪ ಸಿಕ್ಕಿತು. ಅಮೆರಿಕದವರೂ ಇರಾನಿನವರೂ ಮಸ್ಕತ್ತಿಗೇ ಬಂದು ಮಾತುಕತೆ ಶುರುಮಾಡಿದ್ದರು. ಇದೆಲ್ಲ ದೊಡ್ಡ ದೇಶಗಳ ಜಗಳ, ತನ್ನ ಒಂದು ಕಾಗದದಿಂದ ಏನೂ ಆಗುವುದಿಲ್ಲ, ಅವರವರು ರಾಜಿಯಾದರೆ ಶ್ರವಣ್ ತಾನಾಗಿ ಬರುತ್ತಾನೆ ಎಂದ.

ಗುರುವಣ್ಣ ಆಗ ಕೇಳಿದ್ದು ಇಷ್ಟೇ: "ಅವನನ್ನು ಹತ್ತಿಸುವಾಗ ಅಮೆರಿಕವನ್ನು ಕೇಳಿ ಹತ್ತಿಸಿದ್ದಾ?"

ಜಯಕರ ನಕ್ಕುಬಿಟ್ಟನಂತೆ. ಆ ನಗು ಮರೆಯಲಿಲ್ಲ ಎಂದು ಗುರುವಣ್ಣ ಹೇಳುತ್ತಾರೆ.

ಮೇ ಕೊನೆಯಲ್ಲಿ ಜಯಕರನ ಫೈಬರ್ ಬೋಟಿನ ಇಂಜಿನ್ ಅದೇ ವರ್ಕ್‌ಶಾಪಿಗೆ ಬಂತು. ಬೋಟಿನ ಕಾಗದಪತ್ರ ಮೀನುಗಾರಿಕೆಯದ್ದು. ಅವನು ಅದನ್ನು ಹೊರಗೆ ಲಂಗರು ಹಾಕಿದ ಹಡಗುಗಳಿಗೆ ಜನರನ್ನೂ ಸಾಮಾನನ್ನೂ ಸಾಗಿಸಲು ಬಳಸುತ್ತಿದ್ದ. ಗುರುವಣ್ಣ ಆರು ದಿನ ಕೂತು ಇಂಜಿನನ್ನು ಪೂರ್ತಿ ಬಿಚ್ಚಿ ಸರಿಮಾಡಿದರು. ಅದರಲ್ಲಿ ಏನೂ ಮೋಸ ಮಾಡಲಿಲ್ಲ. ಕೆಲಸ ಹಾಳು ಮಾಡುವುದು ತನಗೆ ಗೊತ್ತಿಲ್ಲ ಎಂದು ಅವರೇ ಹೇಳುತ್ತಾರೆ. ಕೊನೆಯ ದಿನ ಡೀಸೆಲ್ ಪೈಪಿನ ಒಂದು ಬೋಲ್ಟನ್ನು ಅರ್ಧ ಸುತ್ತು ಸಡಿಲಿಸಿದರು. ಹಾಗೆ ಮಾಡಿದರೆ ಪೈಪು ಸ್ವಲ್ಪಸ್ವಲ್ಪವೇ ಗಾಳಿ ಎಳೆದುಕೊಳ್ಳುತ್ತದೆ. ಅರ್ಧ ಗಂಟೆ ಓಡಿ ಇಂಜಿನ್ ನಿಲ್ಲುತ್ತದೆ. ಬೋಲ್ಟು ಬಿಗಿದು ಗಾಳಿ ತೆಗೆದರೆ ಮತ್ತೆ ಓಡುತ್ತದೆ. ಆದರೆ ಎಲ್ಲಿ ಸಡಿಲವಾಗಿದೆ ಎಂದು ಗೊತ್ತಿರಬೇಕು.

ಮಲ್ಪೆಯವರಲ್ಲಿ ಒಂದು ಕ್ರಮ ಉಂಟು. ಇಂಜಿನ್ ಬಿಚ್ಚಿದ ಮಿಸ್ತ್ರಿ ಮೊದಲ ಓಟಕ್ಕೆ ಬೋಟಿನಲ್ಲೇ ಹೋಗಬೇಕು, ಮಾಲೀಕನೂ ಜೊತೆಗಿರಬೇಕು. ಮಿಸ್ತ್ರಿಯ ಜೀವವೂ ಅದೇ ಬೋಟಿನಲ್ಲಿದ್ದರೆ ಕೆಲಸದ ಮೇಲೆ ನಂಬಿಕೆ. ಜಯಕರ ಆಫೀಸು, ಕಾರು ಎಲ್ಲ ಮಾಡಿದ್ದರೂ ಈ ಕ್ರಮ ಬಿಟ್ಟಿರಲಿಲ್ಲ. ಅವನೇ ಫೋನ್ ಮಾಡಿ ಗುರುವಣ್ಣನನ್ನು ಕರೆದ.

ಶುಕ್ರವಾರ ಬೆಳಿಗ್ಗೆ ಇಬ್ಬರೇ ಹೊರಟರು. ಒಂದು ಹಡಗಿಗೆ ಕಾಗದ ತಲುಪಿಸುವುದೂ ಇತ್ತು. ದಡದ ಗುಡ್ಡಗಳು ಸಣ್ಣದಾಗುವ ಹೊತ್ತಿಗೆ ಇಂಜಿನ್ ಕೆಮ್ಮಿ ನಿಂತಿತು.

ಮುಂದಿನದನ್ನು ಗುರುವಣ್ಣ ನನಗೆ ಮೂರು ಸಲ ಹೇಳಿದ್ದಾರೆ. ಮೂರು ಸಲವೂ ಒಂದೇ ರೀತಿ ಹೇಳಿದ್ದರಿಂದ ಹಾಗೆಯೇ ಬರೆಯುತ್ತೇನೆ. ಮಾತು ನಡೆದದ್ದು ತುಳುವಿನಲ್ಲಿ, ಇಲ್ಲಿ ಕನ್ನಡಕ್ಕೆ ತಂದಿದ್ದೇನೆ.

"ಎಂತ ಆಯ್ತು ಗುರುವಣ್ಣ?"

"ಗಾಳಿ ಎಳೆದಿದೆ."

"ತೆಗಿ ಮಾರಾಯ. ಬಿಸಿಲು ಏರ್ತಾ ಉಂಟು."

"ತೆಗೀತೇನೆ. ನಿನ್ನ ಚೀಲದಲ್ಲಿ ಲೆಟರ್‌ಹೆಡ್ ಉಂಟಲ್ಲ? ಸೀಲೂ ಉಂಟಲ್ಲ? ಮೊದಲು ನೀನು ಬರಿ."

ಜಯಕರನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದ ಮೇಲೆ ಬೈದ, ಅಮ್ಮನನ್ನೂ ಎಳೆದು ಬೈದ. ಕೋಸ್ಟ್ ಗಾರ್ಡಿಗೆ ಫೋನ್ ಮಾಡುತ್ತೇನೆಂದ. ಮಾಡು, ಮೀನಿನ ಬೋಟಿನಲ್ಲಿ ಹಡಗಿನ ಕಾಗದ ಯಾಕೆ ಎಂದು ಅವರೂ ಕೇಳಲಿ ಎಂದರು ಗುರುವಣ್ಣ. ಅವನು ಫೋನನ್ನು ಜೇಬಿಗೆ ಹಾಕಿಕೊಂಡ. ತಾನೇ ಇಂಜಿನ್ ಮುಚ್ಚಳ ತೆಗೆದು ಒಳಗೆ ನೋಡಿದ. ಬಿಸಿ ಪೈಪು ತಾಗಿ ಕೈ ಸುಟ್ಟುಕೊಂಡ. ಗುರುವಣ್ಣ ತಮ್ಮ ಬಾಟಲಿಯಿಂದ ನೀರು ಕುಡಿದು ಅವನಿಗೂ ಕೊಟ್ಟರು. ನೀರು ಕೊಡದೆ ಬರೆಸಿದರು ಎಂದು ನಾಳೆ ಅವನು ಹೇಳಬಾರದು ಎಂದು ಕೊಟ್ಟದ್ದಂತೆ, ಕನಿಕರದಿಂದ ಅಲ್ಲ.

ಮಧ್ಯಾಹ್ನ ಒಂದೂವರೆಗೆ ಜಯಕರ ವಾಂತಿ ಮಾಡಿಕೊಂಡ. ಎರಡು ಗಂಟೆಗೆ ಬರೆದ. ಎರಡು ಪ್ರತಿ, ಎರಡಕ್ಕೂ ಸೀಲು.

ಬೋಲ್ಟು ಬಿಗಿಯಲು ಗುರುವಣ್ಣನಿಗೆ ಒಂದು ನಿಮಿಷ ಸಾಕಾಯಿತು. ಹಿಂತಿರುಗುವಾಗ ಜಯಕರ ಮೆಲ್ಲಗೆ ಕೇಳಿದ: "ಇಲ್ಲಿಗೆ ಖಲಾಸ್ ಅಲ್ವಾ, ನಮ್ಮೊಳಗೆ?" ಗುರುವಣ್ಣ ಎರಡೂ ಪ್ರತಿಗಳನ್ನು ಮಡಚಿ ತಮ್ಮ ಸ್ಪ್ಯಾನರ್ ಪೆಟ್ಟಿಗೆಗೆ ಹಾಕಿಕೊಂಡರು.

ಒಂದು ಪ್ರತಿ ಬಂದರ್ ಅಬ್ಬಾಸಿಗೆ ಹೋಯಿತು. ಜೂನ್ ಎರಡನೇ ವಾರದಲ್ಲಿ ಇರಾನಿನ ಮೇಲೆ ಇಸ್ರೇಲಿನ ಬಾಂಬುಗಳು ಬಿದ್ದವು. ಆ ಭಾನುವಾರ ಮಸ್ಕತ್ತಿನಲ್ಲಿ ಆಗಬೇಕಿದ್ದ ಮಾತುಕತೆ ನಿಂತಿತು. ವಕೀಲರ ಫೋನೂ ಸಿಗದಾಯಿತು. ತಾನು ಹೇಳಿದ್ದೇ ಆಯಿತಲ್ಲ, ಕಾಗದದಿಂದ ಏನಾಯಿತು ಎಂದು ಜಯಕರ ನಾಲ್ಕು ಜನರ ಎದುರು ಹೇಳಿಕೊಂಡು ತಿರುಗಿದ. ಗುರುವಣ್ಣ ಎರಡನೇ ಪ್ರತಿಯನ್ನು ಆಗಲೇ ಸರಕಾರಕ್ಕೆ ಕೊಡಬಹುದಿತ್ತು, ಕೊಡಲಿಲ್ಲ. ಏಜೆಂಟನ ಲೈಸೆನ್ಸ್ ಹೋದರೆ ಅವನ ಕಾಗದಕ್ಕೂ ಬೆಲೆ ಹೋದೀತು ಎಂಬ ಹೆದರಿಕೆ ಅವರಿಗೆ. ಅದಕ್ಕೇ ಅದನ್ನು ಪೆಟ್ಟಿಗೆಯಲ್ಲಿ, ಹದಿನೇಳನೇ ನಂಬರಿನ ಸ್ಪ್ಯಾನರಿನ ಕೆಳಗೆ ಇಟ್ಟಿದ್ದರು.

ಅಕ್ಟೋಬರಿನಲ್ಲಿ ಬಂದರ್ ಅಬ್ಬಾಸಿನ ನ್ಯಾಯಾಲಯ ಆ ಕಾಗದವನ್ನು ಒಪ್ಪಿ ಏಳು ಜನರನ್ನೂ ಬಿಟ್ಟಿತು. ಶ್ರವಣ್ ಮಲ್ಪೆ ತಲುಪಿ, ತಾಯಿಯ ಪಕ್ಕ ಕೂತು ವಿಡಿಯೋ ಕಾಲ್ ಮಾಡಿದ. ಮುಂದಿನ ಎರಡು ಹಲ್ಲು ಇರಲಿಲ್ಲ. ಗುರುವಣ್ಣ ಅವನ ಮುಖವನ್ನು ಸರಿಯಾಗಿ ನೋಡಿಕೊಂಡರು. ಮರುದಿನ ರಜೆ ಹಾಕಿ, ಅಲ್ ಖುವೈರಿನ ಕಾರ್ಮಿಕ ಸಚಿವಾಲಯಕ್ಕೆ ಹೋಗಿ ಎರಡನೇ ಪ್ರತಿಯನ್ನು ಕೊಟ್ಟು ಬಂದರು. ಜಯಕರನಿಗೆ ಹೆಣ್ಣುಮಕ್ಕಳಿದ್ದಾರೆ, ಬಿಟ್ಟುಬಿಡು ಎಂದು ಅಕ್ಕ ಫೋನಿನಲ್ಲಿ ಹೇಳಿದ್ದರು. ಜೀವನದಲ್ಲಿ ಅಕ್ಕನ ಮಾತು ಮೀರಿದ್ದು ಅದೊಂದೇ ಸಲ.

ತಿಂಗಳೊಳಗೆ ಆಫೀಸಿಗೆ ಬೀಗ ಬಿತ್ತು. ಜಯಕರ ವರ್ಕ್‌ಶಾಪಿಗೇ ಬಂದ. ಸಮುದ್ರದ ನಡುವೆ ಒತ್ತಾಯದಿಂದ ಬರೆಸಿಕೊಂಡದ್ದು ಎಂದು ಒಂದು ಸಾಲು ಬರೆದುಕೊಡಿ ಗುರುವಣ್ಣ, ಕಾಲಿಗೆ ಬೀಳುತ್ತೇನೆ ಎಂದ. ಬಿದ್ದೂಬಿಟ್ಟ.

ಗುರುವಣ್ಣ ಕೈಯ ಗ್ರೀಸನ್ನು ಹಳೇ ಬಟ್ಟೆಗೆ ಒರೆಸಿಕೊಂಡು, ಎದುರಿಗಿದ್ದ ಬೇರೊಬ್ಬರ ಇಂಜಿನನ್ನು ತೋರಿಸಿದರು.

"ಇದು ರೆಡಿಯಾಗಿದೆ. ನಾಳೆ ಟ್ರಯಲ್ ಉಂಟು. ಬರ್ತೀಯಾ? ಅಲ್ಲಿ ಕೂತು ಬರೀತೇನೆ."

ಜಯಕರ ಎದ್ದು ಹೋದ. ಹೋಗುವಾಗ ಒಮ್ಮೆ ಆ ಇಂಜಿನನ್ನು ತಿರುಗಿ ನೋಡಿದನಂತೆ.