ಖಾತುನಬಿ ನೆಟ್ಟ ರಾತ್ರಿರಾಣಿ

ಗೋವೆಯ ಕಲಂಗುಟಿನ ಹೋಟೆಲಿನಲ್ಲಿ ಚಾದರ, ಟವೆಲು ಒಗೆಯುವ ಕೆಲಸಕ್ಕೆ ಸೇರಿದ ಹೊಸತರಲ್ಲಿ ಖೀರಪ್ಪ ಒಂದು ಘನಕಾರ್ಯ ಮಾಡಿದ. ಅಂಗಳದ ಗುಲಾಬಿಗಳು ತೆಂಗಿನಕಾಯಿಯಷ್ಟು ದಪ್ಪ ಅರಳುತ್ತಿದ್ದವು, ವಾಸನೆ ಮಾತ್ರ ಇರಲಿಲ್ಲ. ಬುಡಕ್ಕೆ ಹಾಕಿದ್ದೇ ಹೂವಿಗೆ ಏರಿ ವಾಸನೆಯಾಗುತ್ತದೆ ಎಂದು ಅವನು ಗಟ್ಟಿಯಾಗಿ ನಂಬಿದ್ದ. ಮೆಟ್ರಿಕ್‌ನಲ್ಲಿ ವಿಜ್ಞಾನವೊಂದರಲ್ಲೇ ನಪಾಸಾದವನಿಗೆ ಆ ನಂಬಿಕೆ ಒಪ್ಪುವಂಥದ್ದೇ. ಹೆಣ್ಣು ನೋಡಲು ಊರಿಗೆ ಹೋಗುವಾಗ ಹಚ್ಚಿಕೊಳ್ಳಲೆಂದು ಇಟ್ಟಿದ್ದ ಅತ್ತರಿನ ಶೀಶೆಯನ್ನು ಬಕೀಟಿನ ನೀರಿಗೆ ಸುರಿದು ಒಂದು ಗಿಡದ ಬುಡಕ್ಕೆ ಹೊಯ್ದ. ದಿನಾ ಬೆಳಿಗ್ಗೆ ಹೋಗಿ ಮೂಗು ಚಾಚಿದ. ಹೂವು ಹೂವಿನಂತೆಯೇ ಇತ್ತು. ಮಣ್ಣು ಮಾತ್ರ ಮದುಮಗನಂತೆ ಘಮಘಮಿಸುತ್ತಿತ್ತು.

ಅವನನ್ನು ಹಿಡಿದವಳು ತೋಟದ ಕೆಲಸದ ಖಾತುನಬಿ. ವಿಜಾಪುರದ ಕಡೆಯವಳು, ಚಿಕ್ಕಂದಿನಿಂದಲೂ ಹೂದೋಟದ ಕೂಲಿ ಮಾಡಿದವಳು, ಗಂಡ ತೀರಿದ ಮೇಲೆ ಗೋವೆಗೆ ಬಂದಿದ್ದಳು.

"ಏನ್ ಮಾಡಾಕತ್ತೀಯೋ ತಮ್ಮಾ, ಗಿಡಕ್ಕ ನಿಕಾ ಐತೇನು?" ಎಂದಳು. ನಕ್ಕು ಮುಗಿದ ಮೇಲೆ ಹೇಳಿದಳು: "ವಾಸನಿ ಬೇರಿನಿಂದ ಏರೂದಿಲ್ಲೋ. ಪಕಳಿ ತಾನ ಎಣ್ಣಿ ಮಾಡ್ತೈತಿ, ಅದು ಆರಿ ಗಾಳಿಗೆ ಹೋಗ್ತೈತಿ. ಈ ಗುಲಾಬಿಗೆ ದಪ್ಪ ಆಗೂ ಹುಚ್ಚು ಹಿಡಿಸ್ಯಾರ, ಎಣ್ಣಿ ಮಾಡೂದನ್ನ ಮರತೈತಿ."

"ಹಂಗಾರ ರಾತ್ರಿರಾಣಿ ಹಗಲಿ ಯಾಕ ನಾರೂದಿಲ್ರಿ ಅಕ್ಕಾ?"

"ಅದರ ಗಿರಾಕಿ ರಾತ್ರಿ ಹಾರೂ ಪತಂಗ. ಹಗಲಿ ಅಂಗಡಿ ತಗದು ಯಾರಿಗೆ ಮಾರಬೇಕು?"

ಆ ವರ್ಷ ಮುಂಬಯಿಯಿಂದ ಹೊಸ ಮ್ಯಾನೇಜರ ಬಂದ. ಯಾವ ವಾಸನೆ ಬಡಿದರೂ ತಲೆ ಸಿಡಿಯುವ ಮನುಷ್ಯ. ಕ್ರಿಸ್‌ಮಸ್ಸಿಗೆ ಗುಲಾಬಿ ಇನ್ನೂ ದಪ್ಪ ಬರಬೇಕೆಂದು ಮೀನಿನ ಗೊಬ್ಬರ ತರಿಸಿದವನೂ ಅವನೇ. ಖಾತುನಬಿ ಬೆಳಗಿನಿಂದ ಅದನ್ನೇ ಕಲೆಸಿ, ಪಗಾರ ಕೇಳಲು ಮುಂಬಾಗಿಲಿಗೆ ಬಂದಳು. ವಿದೇಶಿ ಗಿರಾಕಿಗಳು ಚೀಲ ಇಳಿಸುತ್ತಿದ್ದರು. ಮ್ಯಾನೇಜರ ಮೂಗು ಮುಚ್ಚಿಕೊಂಡು, ಗಿರಾಕಿಗಳ ಕೋಣೆಗೆ ಹೊಡೆಯುವ ಸುವಾಸನೆಯ ಡಬ್ಬಿ ಎತ್ತಿ ಅವಳ ಬೆನ್ನಿಗೆ, ಸೆರಗಿಗೆ, ಕಡೆಗೆ ಮುಖಕ್ಕೂ ಹೊಡೆದ. ಗಿರಾಕಿಗಳು ನಕ್ಕರು. ಒಬ್ಬ ಫೋಟೋ ತೆಗೆದ.

ನಲ್ಲಿಯ ಹತ್ತಿರ ಅವಳು ಮುಖ ತೊಳೆಯುತ್ತಿದ್ದಾಗ ಖೀರಪ್ಪ, ಸಮಾಧಾನ ಹೇಳುವುದೇ ತನ್ನ ಪಗಾರದ ಕೆಲಸವೆಂಬಂತೆ, "ಮನಸಿಗಿ ಹಚ್ಕೋಬ್ಯಾಡ್ರಿ ಅಕ್ಕಾ" ಎಂದ.

"ಹಚ್ಕೊಂಡಿಲ್ಲ, ನೆಟ್ಕೊಂಡೇನಿ. ಅವ ಈ ಅಂಗಳಾ ಬಿಟ್ಟು ಹೋಗೂ ತನಕ ನಾ ಹೋಗೂದಿಲ್ಲ. ನೀ ಬಾಯಿ ಮುಚ್ಕೊಂಡಿರು."

ಬಾಯಿ ಮುಚ್ಚಿಕೊಂಡಿರುವುದರಲ್ಲಿ ಖೀರಪ್ಪ ಮೊದಲಿನಿಂದಲೂ ನಿಪುಣ.

ಮಳೆಗಾಲ ಹಿಡಿದಾಗ ಅವಳು ಹತ್ತಿರದ ಊರಾದ ಪರ್ವರಿಯ ಒಂದು ಮನೆಯ ಬೇಲಿಯಿಂದ ರಾತ್ರಿರಾಣಿಯ ಕಡ್ಡಿ ಮುರಿದು ತಂದಳು. ಹೊಸ ಗಿಡ ಯಾವುದೇ ಇರಲಿ, ಮ್ಯಾನೇಜರ ಬೆಳಗಿನ ತಪಾಸಣೆಯಲ್ಲಿ ಮೂಸಿ ಒಪ್ಪಿದ ಮೇಲೆಯೇ ನೆಡುವ ಪದ್ಧತಿ ಮಾಡಿದ್ದ. ಅವನು ಎಲೆ ಮೂಸಿದ, ಚಿಗುರು ಮೂಸಿದ. ಏನೂ ಇಲ್ಲ. ತನ್ನ ಕೋಣೆಯ ಕಿಟಕಿಯ ಕೆಳಗೇ ಹಾಕು ಎಂದು ತಾನೇ ಬೆರಳು ತೋರಿಸಿದ. ಖಾತುನಬಿ ತಲೆ ಬಗ್ಗಿಸಿ "ಹಾಂಜೀ" ಎಂದಳು.

ಗಿಡವನ್ನು ಅವಳು ಕೂಸಿನಂತೆ ಸಾಕಿದಳು. ಮರುವರ್ಷದ ಬಿಸಿಲಿಗೆ ಅದು ಕಿಟಕಿ ಮುಟ್ಟಿ, ಹಸಿರು ಬಿಳುಪಿನ ಸಣ್ಣ ಹೂಗೊಂಚಲು ಹೊತ್ತಿತು. ಏಸಿ ಇದ್ದದ್ದು ಗಿರಾಕಿಗಳ ಕೋಣೆಗೆ ಮಾತ್ರ. ಸಾಹೇಬ ಕಿಟಕಿ ತೆರೆದೇ ಮಲಗಬೇಕು. ಬೆಳಿಗ್ಗೆ ಕಣ್ಣು ಊದಿಸಿಕೊಂಡು, ಹಣೆಗೆ ಪಟ್ಟಿ ಕಟ್ಟಿಕೊಂಡು ಹೊರಬರತೊಡಗಿದ. ಗಟಾರ ತೋಡಿಸಿದ. ಅಡಿಗೆಯವರ ಮೇಲೆ ಹರಿಹಾಯ್ದ. ಚಾದರಕ್ಕೆ ಯಾವ ದರಿದ್ರ ಸಾಬೂನು ಹಾಕುತ್ತೀ ಎಂದು ಖೀರಪ್ಪನನ್ನು ಬೈದು ಸಾಬೂನು ಬದಲಿಸಿದ. ಕಡೆಗೆ ಸಂಶಯ ತೋಟದ ಮೇಲೆ ಬಂತು. ಹಾಡುಹಗಲಲ್ಲಿ ಒಂದೊಂದೇ ಗಿಡ ಮೂಸಿದ. ಮಲ್ಲಿಗೆ ಕೀಳಿಸಿದ, ಸಂಪಿಗೆ ಕಡಿಸಿದ. ರಾತ್ರಿರಾಣಿಯ ಮುಂದೆ ನಿಂತು, ಇದೊಂದೇ ಮರ್ಯಾದೆಯ ಗಿಡ, ಕಿಟಕಿಯ ಆ ಕಡೆಗೂ ಇಂಥದೇ ಒಂದು ನೆಡು ಎಂದು ಅಪ್ಪಣೆ ಮಾಡಿದ.

ಖೀರಪ್ಪ ಒದ್ದೆ ಚಾದರದ ಹಿಂದೆ ಅಡಗಿ ನಕ್ಕ. ಖಾತುನಬಿ ನಗಲಿಲ್ಲ. ಆ ದಿನವೇ ಎರಡನೆಯದನ್ನು ನೆಟ್ಟಳು.

ಅದು ಹೂ ಬಿಟ್ಟ ಸೀಜನ್ನು ಸಾಹೇಬನಿಗೆ ದಾಟಲಾಗಲಿಲ್ಲ. ಗೋವೆಯ ಹವೆ ತನಗೆ ಒಗ್ಗುವುದಿಲ್ಲ ಎಂದು ಮಾಲೀಕನಿಗೆ ರಾಜೀನಾಮೆ ಕೊಟ್ಟು, ಟ್ಯಾಕ್ಸಿಯಲ್ಲಿ ತಲೆ ಹಿಡಿದುಕೊಂಡು ಕುಳಿತ. ಗೇಟಿನಲ್ಲಿ ಖಾತುನಬಿ ಕಸಬರಿಗೆ ಊರಿ, ಟ್ಯಾಕ್ಸಿ ತಿರುವಿನಲ್ಲಿ ಮರೆಯಾಗುವ ತನಕ ನೋಡಿದಳು.

ಖೀರಪ್ಪನಿಗೆ ಎಂದಿನಂತೆ ಹೊತ್ತಲ್ಲದ ಹೊತ್ತಿನಲ್ಲಿ ಕರುಣೆ ಉಕ್ಕಿತು.

"ಖಾತುನಕ್ಕಾ, ಒಂದು ಮಾತು ಕೇಳತೇನಿ, ಸಿಟ್ಟಿಗೇಳಬ್ಯಾಡ್ರಿ. ಆ ಮನಷ್ಯಾ ಅಷ್ಟು ಒದ್ದಾಡಿದ್ನಲ್ಲ, ಒಂದಿನಾರ ಪಾಪ ಅನಸಲಿಲ್ಲೇನ್ರಿ ನಿಮಗ?"

"ಇಲ್ಲ. ಇಷ್ಟು ಲಗೂ ಹ್ವಾದ್ನಲ್ಲ ಅಂತ ಸಿಟ್ಟು ಬಂದೈತಿ."