ಬೆಟ್ಟಕ್ಕೆ ಮಿಲ್ಲು ಹತ್ತಿಸಿದ್ದು

ಅಕ್ಕನನ್ನು ಕೊಟ್ಟ ಊರು ಧರ್ಮಪುರಿಯಿಂದಾಚೆ, ಬೆಟ್ಟದ ಮೇಲಿತ್ತು. ಬುಡದ ಊರಿನವರೆಗೆ ಟೌನ್ ಬಸ್ಸು, ಅಲ್ಲಿಂದ ಮೇಲಕ್ಕೆ ಕತ್ತೆಗಳ ಮೇಲೆ ಸಾಮಾನು ಸಾಗಿಸುವ ಒಂದು ಕಲ್ಲುದಾರಿ. ಮೇಲಿನವರು ರಾಗಿ, ಸಾಮೆ ಬೆಳೆಯುತ್ತಿದ್ದರು. ಬೆಳೆದ ರಾಗಿಯನ್ನು ಹಿಟ್ಟು ಮಾಡಿಸಲು ಹೆಂಗಸರು ಮೂಟೆ ಹೊತ್ತು ಕೆಳಗಿಳಿದು, ಮಿಲ್ಲಿನ ಮುಂದೆ ಕಾದು ಕೂತು, ಮತ್ತೆ ಹೊತ್ತುಕೊಂಡು ಹತ್ತಬೇಕಿತ್ತು. ಮನೆಯಲ್ಲಿ ಬೀಸುಕಲ್ಲು ಇರಲಿಲ್ಲವೆಂದಲ್ಲ. ಹಗಲೆಲ್ಲ ಹೊಲದಲ್ಲಿ ದುಡಿದು ಬಂದವಳಿಗೆ ಬೀಸುವ ತ್ರಾಣ ಉಳಿಯುತ್ತಿರಲಿಲ್ಲ.

ತೊಂಬತ್ತರ ದಶಕದ ಒಂದು ಬೇಸಗೆಯಲ್ಲಿ ಅಕ್ಕ ಸೇಲಂಗೆ ಬಂದಳು. ಬೆಟ್ಟದ ಮೇಲೆ ತಾನೇ ಒಂದು ಮಿಲ್ಲು ಹಾಕುವುದಾಗಿ ಹೇಳಿದಳು. ಮೇಲೆ ಕರೆಂಟು ಇರಲಿಲ್ಲವಾದ್ದರಿಂದ ಡೀಸೆಲ್ ಎಂಜಿನ್ನಿನದೇ ಆಗಬೇಕು. ಆ ಎಂಜಿನ್ನು ಯಾವ ಕತ್ತೆಯ ಬೆನ್ನಿಗೂ ಆಗುವ ಭಾರವಲ್ಲ.

ಸೇಲಂನಲ್ಲಿ ನಮ್ಮ ಸೋದರಮಾವನದು ಜೀಪು ರಿಪೇರಿಯ ಶೆಡ್ಡು. ನಾನು ಅವರ ಮನೆಯಲ್ಲಿದ್ದುಕೊಂಡು ಒಂದು ಜವಳಿ ಅಂಗಡಿಗೆ ಕೆಲಸಕ್ಕೆ ಹೋಗುತ್ತಿದ್ದೆ. ಹರಾಜಿನಲ್ಲಿ ಬಂದ ಹಳೆಯ ಜೀಪೊಂದನ್ನು ಮಾವ ಬಿಚ್ಚಿ, ತೊಳೆದು, ಹೊಸದಾಗಿ ಕಟ್ಟಿಕೊಂಡಿದ್ದರು. ನಾಲ್ಕು ಗಾಲಿಗೂ ಎಂಜಿನ್ನಿನ ಬಲ ಹೋಗುವ ಜೀಪು ಅದು. ಭಾನುವಾರಗಳಲ್ಲಿ ಊರಾಚೆಯ ಬಯಲಿನಲ್ಲಿ ಅದನ್ನು ಓಡಿಸುವುದನ್ನು ನನಗೆ ಕಲಿಸುತ್ತಿದ್ದರು. ಹೆಣ್ಣುಹುಡುಗಿಗೆ ಜೀಪು ಯಾಕೆಂದು ಅತ್ತೆ ಗೊಣಗಿದರೆ, ಕಲಿತದ್ದು ಎಲ್ಲೂ ಹೋಗಲ್ಲ ಎನ್ನುತ್ತಿದ್ದರು ಮಾವ.

ಅಕ್ಕ ಅವರನ್ನು ಕೇಳಿದ್ದು ಒಂದೇ ಮಾತು. "ಮಾವ, ನಿಮ್ ಜೀಪು ಮೇಲ್ಗಂಟ ಬತ್ತದಾ?"

ಮಾವ ಕೈಯಲ್ಲಿದ್ದ ಸ್ಪ್ಯಾನರನ್ನು ಕೆಳಗಿಟ್ಟರು. ತಮಿಳರಂತೆ ಮುದ್ದಿಗೆ ನಮ್ಮನ್ನು 'ಕಣ್ಣು' ಎಂದೇ ಕರೆಯುತ್ತಿದ್ದರು. "ದಾರಿ ನೋಡ್ದೆ ಏನೂ ಏಳಕಾಗಲ್ಲ ಕಣ್ಣು. ಮೊದ್ಲು ನಡೆದು ನೋಡಣ."

ಮುಂದಿನ ಭಾನುವಾರ ನಾವು ಮೂವರೂ ಬೆಟ್ಟದ ಬುಡದಲ್ಲಿದ್ದೆವು. ಮಾವ ಜೀಪಿನ ಅಗಲಕ್ಕಿಂತ ಒಂದು ಗೇಣು ಉದ್ದವಾದ ಬಿದಿರುಗಳುವನ್ನು ಕಡಿಸಿ ತಂದಿದ್ದರು. ಅದನ್ನು ಅಡ್ಡಲಾಗಿ ಹಿಡಿದು ನಾನೂ ಅಕ್ಕನೂ ಮುಂದೆ ನಡೆಯಬೇಕು. ಗಳು ಎಲ್ಲಿ ಬಂಡೆಗೋ ಮಣ್ಣಿನ ದಿಬ್ಬಕ್ಕೋ ತಾಗಿ ನಿಲ್ಲುತ್ತದೋ ಅಲ್ಲಿ ಜೀಪೂ ನಿಲ್ಲುತ್ತದೆ ಎಂದು ಲೆಕ್ಕ. ಅಂಥ ಕಡೆಯೆಲ್ಲ ಅಕ್ಕ ಪಕ್ಕದ ಕಲ್ಲಿಗೆ ಸುಣ್ಣ ಬಳಿಯುತ್ತಾ ಬಂದಳು. ಮಾವ ಒಮ್ಮೊಮ್ಮೆ ನೆಲಕ್ಕೆ ಮಲಗಿ ದಾರಿಯ ಏರನ್ನು ನೋಡುತ್ತಿದ್ದರು. ಹಳ್ಳ ದಾಟುವಲ್ಲಿ ಚಪ್ಪಲಿ ಬಿಟ್ಟು ಇಳಿದು, ನೀರಿನ ಅಡಿಯಲ್ಲಿ ಮರಳೋ ಕಲ್ಲೋ ಎಂದು ಕಾಲಿನಿಂದ ತಡವಿ ನೋಡಿದರು. ಕಲ್ಲೇ ಇತ್ತು. ಅಷ್ಟು ಹೊತ್ತಿನಲ್ಲಿ ಅವರ ಮುಖದಲ್ಲಿ ನಗು ಕಂಡದ್ದು ಅಲ್ಲೊಮ್ಮೆ ಮಾತ್ರ.

ಊರು ಇನ್ನೇನು ಬಂತು ಅನ್ನುವಾಗ ವಳುಕುಪಾರೆ ಸಿಕ್ಕಿತು. ತಮಿಳಿನ ಆ ಹೆಸರಿಗೆ ಜಾರುಬಂಡೆ ಎಂದೇ ಅರ್ಥ. ದಾರಿಯ ಅಗಲಕ್ಕೂ ಹಾಸಿದ ಒಂದೇ ಬಂಡೆ, ಮನೆಯ ಮಾಡಿನಂತೆ ಇಳಿಜಾರು, ಒಂದು ಕಡೆ ಕೊರಕಲು. ಮಾವ ಅದನ್ನು ಹತ್ತಿ ಇಳಿದು, ಮತ್ತೆ ಹತ್ತಿ ಇಳಿದು, ಬೀಡಿ ಹಚ್ಚಿ ಕೂತುಬಿಟ್ಟರು.

ಆಮೇಲೆ ನನ್ನ ಕಡೆ ತಿರುಗಿದರು. "ಇಲ್ಲಿ ಯಾರಾದ್ರೂ ವಂಡಿ ಮುಂದೆ ನಡೀತಾ ಗಾಲಿ ನೋಡ್ಕಂಡು ದಾರಿ ತೋರ್ಬೇಕು. ಅದು ನಾನೇ ಆಗ್ಬೇಕು. ಓಡ್ಸದು ನೀನು."

ಬಯಲಿನಲ್ಲಿ ಜೀಪು ತಿರುಗಿಸಿದ್ದು ಬಿಟ್ಟರೆ ನನಗೇನು ಗೊತ್ತಿತ್ತು? ಆದರೂ ಆಗದು ಎಂಬ ಮಾತು ನನ್ನ ಬಾಯಿಂದ ಬರಲಿಲ್ಲ. ಪಕ್ಕದಲ್ಲಿ ಅಕ್ಕ ಸುಣ್ಣದ ಡಬ್ಬಿ ಹಿಡಿದು ನಿಂತಿದ್ದಳು, ಮೊಣಕೈವರೆಗೆ ಬಿಳಿಯಾಗಿ.

ಮೇಲೆ ಮನೆಗೆ ಹೋಗಿ ಹೇಳಿದಾಗ ಬಾವ ಮಾತ್ರ ಒಪ್ಪಲಿಲ್ಲ. ಕೊರಕಲಿಗೆ ಬಿದ್ದರೆ ನಿಮ್ಮ ಅಮ್ಮನಿಗೆ ಯಾರು ಉತ್ತರ ಹೇಳುವುದು, ಬೇರೆ ಡ್ರೈವರನ್ನು ಕರೆಸೋಣ ಎಂದರು. ಬುಡದ ಊರಿನ ಡ್ರೈವರುಗಳನ್ನೆಲ್ಲ ತಾನು ಆಗಲೇ ಕೇಳಿಯಾಯಿತು, ಎಲ್ಲರದೂ 'ಮುಡಿಯಾದು', ಆಗುವುದಿಲ್ಲ ಎಂಬ ಒಂದೇ ಮಾತು ಎಂದಳು ಅಕ್ಕ. ಮಾರನೆಯ ದಿನ ಬಾವ ತಾವೇ ಹೋಗಿ ಫಾರೆಸ್ಟ್ ಗಾರ್ಡನ್ನು ಕಂಡುಬಂದರು. ಮರ ಮುಟ್ಟಬಾರದು, ದಾರಿಯ ಕಲ್ಲು ಬೇಕಾದರೆ ಸರಿಸಿಕೊಳ್ಳಿ ಎಂದು ಒಪ್ಪಿಗೆ ಸಿಕ್ಕಿತು.

ಆಮೇಲಿನ ಕೆಲಸ ಮೇಲಿನ ಊರಿನದು. ಸುಣ್ಣ ಬಳಿದ ಕಡೆಯಲ್ಲೆಲ್ಲ ಗಂಡಸರು ಹಾರೆ ಹಾಕಿ ಕಲ್ಲು ಮೀಟಿದರು, ಹೆಂಗಸರು ಮಣ್ಣು ತುಂಬಿ ತುಳಿದರು. ಇತ್ತ ಸೇಲಂನಲ್ಲಿ ಮಾವ ನನ್ನನ್ನು ಪ್ರತಿ ಸಂಜೆ ಒಂದು ಕಲ್ಲುಕ್ವಾರಿಯ ಏರಿಗೆ ಕರೆದೊಯ್ದರು. ಏರಿನ ನಡುವೆ ನಿಲ್ಲಿಸಬೇಕು, ಹಿಂದಕ್ಕೆ ಜಾರದಂತೆ ಮತ್ತೆ ಹೊರಡಬೇಕು. ಎಂಜಿನ್ನು ಆಫಾದಾಗಲೆಲ್ಲ ಮತ್ತೆ ಎಂದು ಬೆರಳಲ್ಲೇ ತೋರಿಸುತ್ತಿದ್ದರು. ಎಡಗಾಲು ಊದಿಕೊಂಡು ಅಂಗಡಿಯಲ್ಲಿ ನಿಲ್ಲುವುದೇ ಕಷ್ಟವಾಯಿತು. ಆದರೂ ಸಂಜೆಯಾದರೆ ನಾನೇ ಮೊದಲು ಹೋಗಿ ಜೀಪಿನಲ್ಲಿ ಕೂರುತ್ತಿದ್ದೆ.

ಹೊರಟ ದಿನ ಬೆಳಿಗ್ಗೆ ಅಕ್ಕ ಕೊಂಡಿದ್ದ ಮಿಲ್ಲಿನ ಎಂಜಿನ್ನು, ಬೀಸುವ ಎರಡು ಕಲ್ಲು, ಹಲಗೆ, ಹಗ್ಗ, ನೀರಿನ ಕ್ಯಾನು ಎಲ್ಲವನ್ನೂ ಹಿಂದೆ ಬಿಗಿದು ಕಟ್ಟಿದೆವು. ಬುಡದ ಊರಿನ ಟೀ ಅಂಗಡಿಯವರು ಎದ್ದು ನಿಂತು ನೋಡಿದರು. ಅರ್ಧ ಬೆಟ್ಟದವರೆಗೆ ನಾನು ಮುಂದೆ ನಡೆಯುತ್ತಿದ್ದ ಮಾವನ ಕೈಯನ್ನು ಬಿಟ್ಟು ಬೇರೇನನ್ನೂ ನೋಡಲಿಲ್ಲ. ಕೈ ಎಡಕ್ಕೆ ಹೋದರೆ ಎಡಕ್ಕೆ, ಬಲಕ್ಕೆ ಹೋದರೆ ಬಲಕ್ಕೆ. ಹಳ್ಳ ದಾಟಿತು. ರೇಡಿಯೇಟರ್ ಕುದಿದಾಗ ನಿಂತು ನೀರು ಹೊಯ್ದೆವು.

ವಳುಕುಪಾರೆಗೆ ಬಂದರೆ ಅಕ್ಕನೂ ಅಕ್ಕಪಕ್ಕದ ಮನೆಯ ಹೆಂಗಸರೂ ಪೊರಕೆ ತಂದು ಬಂಡೆಯ ಮೇಲಿನ ಜಲ್ಲಿಯನ್ನೂ ತರಗೆಲೆಯನ್ನೂ ಗುಡಿಸಿ ಮುಗಿಸಿದ್ದರು. ಲೋ ಗೇರಿನಲ್ಲಿ ಹತ್ತಿಸಿದೆ. ಮುಕ್ಕಾಲು ಭಾಗ ಏರಿತು. ಅಷ್ಟರಲ್ಲಿ ಹಿಂದಿನ ಭಾರಕ್ಕೆ ಜೀಪಿನ ಮೂತಿ ಎದ್ದಂತಾಯಿತು. ಸ್ಟೀರಿಂಗ್ ತಿರುಗಿಸಿದರೆ ಗಾಲಿ ಕೇಳಲಿಲ್ಲ. ಜೀಪು ಹಿಂದಕ್ಕೆ, ಕೊರಕಲಿನ ಕಡೆಗೆ ಜರುಗತೊಡಗಿತು. ಎರಡು ಕಾಲನ್ನೂ ಒತ್ತಿಹಿಡಿದು ಹ್ಯಾಂಡ್ ಬ್ರೇಕ್ ಎಳೆದೆ. ಬಾವ ಓಡಿಬಂದು ಹಿಂದಿನ ಗಾಲಿಗೆ ಕಲ್ಲು ಕೊಟ್ಟರು. ನಿಂತಿತು.

ಮಾವನ ಮುಖ ಬಿಳಚಿಕೊಂಡಿತ್ತು. ಸಾಕು, ಮೆಲ್ಲಗೆ ಕೆಳಗಿಳಿಸೋಣ ಎಂದರು. ನನ್ನ ತಲೆ ಮಾತ್ರ ತಿಳಿಯಾಗಿತ್ತು. ಖಾಲಿ ಜೀಪಾದರೆ ಈ ಬಂಡೆ ಹತ್ತುತ್ತದೆ ಎಂದು ಕೂತಲ್ಲೇ ಗೊತ್ತಾಗುತ್ತಿತ್ತು.

"ಮಾವ, ಸಾಮಾನೆಲ್ಲಾ ಇಳ್ಸಿ. ವಂಡಿ ಮೊದ್ಲು ಮೇಲಕ್ಕೋಗ್ಲಿ. ಅಲ್ಲಿಂದ ಅಗ್ಗ ಕಟ್ಟಿ ಎಂಜಿನ್ ಎಳೆಯಣ."

ಮಾವ ಬಂಡೆಯನ್ನು ನೋಡಿದರು, ಗಾಲಿಯನ್ನು ನೋಡಿದರು, ಕೊನೆಗೆ ನನ್ನನ್ನು. ಹಿಂದೆ ಹೋಗಿ ಹಗ್ಗ ಬಿಚ್ಚಿದರು.

ಖಾಲಿ ಜೀಪು ಹತ್ತಿತು. ಮೇಲೆ ಮಟ್ಟಸವಾದ ಜಾಗದಲ್ಲಿ ನಿಲ್ಲಿಸಿ, ಹಲಗೆಗೆ ಬಿಗಿದ ಎಂಜಿನ್ನಿಗೆ ಹಗ್ಗ ಕಟ್ಟಿ, ಒಂದೊಂದು ಅಡಿಯಾಗಿ ಎಳೆದೆ. ಎರಡು ಕಡೆಯಲ್ಲೂ ಜನ ಗಳು ಕೊಟ್ಟು ಅದು ಓರೆಯಾಗದಂತೆ ಕಾದರು. ಬೀಸುವ ಕಲ್ಲುಗಳಿಗಂತೂ ಜೀಪೇ ಬೇಕಾಗಲಿಲ್ಲ. ಅವುಗಳ ನಡುವಿನ ತೂತಿಗೆ ಒನಕೆ ತೂರಿಸಿ, ಹೆಂಗಸರು ಗಾಲಿಯಂತೆ ಉರುಳಿಸಿಕೊಂಡು ಊರೊಳಕ್ಕೇ ಒಯ್ದುಬಿಟ್ಟರು.

ಎಂಜಿನ್ನನ್ನು ಗಟ್ಟಿಯಾಗಿ ಕೂರಿಸುವವರೆಗೆ ನಾವು ಅಲ್ಲೇ ಉಳಿದೆವು. ಅದು ಹೊಗೆ ಉಗುಳಿ ಓಡತೊಡಗಿದಾಗ ಮೊದಲ ರಾಗಿಯನ್ನು ಅಕ್ಕನ ಅತ್ತೆಯಿಂದ ಸುರಿಸಿದರು. ಕೆಳಗೆ ಹಿಟ್ಟು ಬಿಸಿಯಾಗಿ ಬಂತು. ಅಕ್ಕ ಅದನ್ನು ಬೊಗಸೆಯಲ್ಲಿ ಹಿಡಿದುಕೊಂಡು ಬಹಳ ಹೊತ್ತು ನಿಂತಿದ್ದಳು, ಅತ್ತಳೋ ಹಿಟ್ಟಿನ ದೂಳು ಕಣ್ಣಿಗೆ ಹೋಯಿತೋ ತಿಳಿಯಲಿಲ್ಲ. ಬಾವ ಊರಿನ ಗಂಡಸರ ನಡುವೆ ನಿಂತು, ಮಳೆಗಾಲ ಕಳೆದ ಮೇಲೆ ದಾರಿಯನ್ನು ಮತ್ತೆ ಸರಿಮಾಡಬೇಕು, ಹೆರಿಗೆಗೋ ಕಾಯಿಲೆಗೋ ಜೀಪು ಬರುವಂತಿರಬೇಕು ಎಂದು ಎಲ್ಲರಿಂದ ಒಪ್ಪಿಗೆ ತೆಗೆದುಕೊಳ್ಳುತ್ತಿದ್ದರು. ಹಾಗೇ ಮಾಡಿದರು ಕೂಡ. ಮುಂದಿನ ವರ್ಷಗಳಲ್ಲಿ ಆ ದಾರಿಯಲ್ಲಿ ನಾನು ಎಷ್ಟೋ ಸಲ ಜೀಪು ಹತ್ತಿಸಿದ್ದೇನೆ.

ಇಳಿಯುವುದು ಹತ್ತುವುದಕ್ಕಿಂತ ಕಷ್ಟವೆಂದು ಹೊರಟ ಮೇಲೆಯೇ ನನಗೆ ತಿಳಿದದ್ದು. ತವರಿಗೆ ಹೋಗಿ ಅಮ್ಮನಿಗೆ ಹಿಟ್ಟು ಕೊಡಲು ಅಕ್ಕನೂ ಪಕ್ಕದಲ್ಲಿ ಕೂತಿದ್ದಳು. ಮಾವ ಇಳಿದು ಮುಂದೆ ನಡೆಯುತ್ತಾರೆಂದು ಕಾದೆ. ಅವರು ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಕೂತು, ಹೊರಡು ಎಂದರು. ಹಳ್ಳದ ಹತ್ತಿರ ತಿರುಗಿ ನೋಡಿದೆ. ಕಣ್ಣು ಮುಚ್ಚಿದ್ದರು. ನಿದ್ದೆಯೋ, ನೋಡುವ ಧೈರ್ಯವಿರಲಿಲ್ಲವೋ, ನಾನು ಕೇಳಲಿಲ್ಲ.