ದಾದಾಸಾಬನ ಎಡಗೈ

ಶಿರಸಿಯ ದಾದಾಸಾಬನ ಎಡಗೈಯ ಎಲುಬನ್ನು ಊರಿನ ದೊಡ್ಡವರೆಲ್ಲ ನೋಡಿದ್ದರು. ನೆನೆದರೆ ನನಗೆ ಈಗಲೂ ಹೇಸಿಗೆಯಾಗುತ್ತದೆ.

ಅವನು ನಮ್ಮ ಓಣಿಯವನು. ೧೯೫೭ರಲ್ಲಿ ಡಾಕ್ಟರೊಬ್ಬರು ತಮ್ಮ ಖಾಸಗಿ ದವಾಖಾನೆಗೆ ಎಕ್ಸ್‌ರೇ ಯಂತ್ರ ತರಿಸಿದಾಗ ಅದರ ಕೆಲಸಕ್ಕೆ ಸೇರಿದ. ದಿನಾ ಬೆಳಿಗ್ಗೆ ಯಂತ್ರ ಹಚ್ಚಿ, ಪರದೆಯ ಹಿಂದೆ ತನ್ನ ಕೈ ಹಿಡಿಯಬೇಕು. ಎಲುಬು ಕಂಡರೆ ಯಂತ್ರ ಸರಿ ಇದೆ ಎಂದರ್ಥ. ಡಾಕ್ಟರ ಮನೆಗೆ ನೆಂಟರೋ ಅಡಿಕೆ ಸಾಹುಕಾರರೋ ಬಂದರೆ ಅವರ ಮೋಜಿಗೂ ಅದೇ ಕೈ. ಸೀಸದ ಕೈಗವಸು ಇದ್ದದ್ದು ಒಂದೇ ಜೊತೆ, ಅದು ಡಾಕ್ಟರ ಕೈಯಲ್ಲಿರುತ್ತಿತ್ತು.

ಕಿರಣ ಹೆಚ್ಚು ತಗುಲಿದವರ ರಕ್ತದಲ್ಲಿ ಬಿಳಿ ಕಣ ಕಡಿಮೆಯಾಗುತ್ತವೆ ಎಂಬುದು ಡಾಕ್ಟರಿಗೆ ಚೆನ್ನಾಗಿ ಗೊತ್ತಿತ್ತು. ತಿಂಗಳಿಗೊಮ್ಮೆ ದಾದಾಸಾಬನ ಬೆರಳು ಚುಚ್ಚಿ ರಕ್ತ ತೆಗೆದು, ಸೂಕ್ಷ್ಮದರ್ಶಕದಲ್ಲಿ ಆ ಕಣ ಎಣಿಸಿ, ಮೊಟ್ಟೆ ತಿನ್ನು ಎಂದಷ್ಟೇ ಹೇಳಿ ಕಳಿಸುತ್ತಿದ್ದರು. ಎಂಥ ಕಾಳಜಿ ನೋಡಿ.

ಕೆಲವೇ ವರ್ಷಗಳಲ್ಲಿ ಆ ಕೈಯ ಕೂದಲು ಉದುರಿತು, ಉಗುರು ಸೀಳಿತು, ಚರ್ಮ ಒಡೆದು ಹುಣ್ಣಾಯಿತು. ಓಣಿಯವರು ಕುಷ್ಠ ಎಂದರು. ಮಗಳು ಮೈಮೂನಾಗೆ ಯಲ್ಲಾಪುರದ ಸಂಬಂಧ ಗೊತ್ತಾಗಿತ್ತು. ಹುಡುಗನ ಚಿಕ್ಕಪ್ಪ ಸುಭಾನ್, ಲಾರಿ ಇಟ್ಟುಕೊಂಡವನು, ಸುದ್ದಿ ಕೇಳಿ ಮದುವೆ ಮಾತು ಮುರಿಯಲು ಬಂದ. ದಾದಾಸಾಬ ಅವನನ್ನು ನೇರ ದವಾಖಾನೆಗೆ ಕರೆದುಕೊಂಡು ಹೋದ. ನಾನೂ ಜೊತೆಗಿದ್ದೆ.

ಇದು ಯಂತ್ರದಿಂದ ಆದದ್ದು, ಅಂಟುವ ರೋಗವಲ್ಲ ಎಂದು ಡಾಕ್ಟರು ಹೇಳಿದ್ದರೆ ಸಾಕಿತ್ತು. ಹೇಳಿದರೆ ದವಾಖಾನೆಯ ಹೆಸರು ಕೆಡುತ್ತದಲ್ಲ. ಯಂತ್ರದಿಂದ ಯಾರಿಗೂ ಏನೂ ಆಗುವುದಿಲ್ಲ, ಇದು ಬೇರೆ ಯಾವುದೋ ಚರ್ಮರೋಗ, ಅಂಟಿದರೂ ಅಂಟಬಹುದು ಎಂದುಬಿಟ್ಟರು. ಆ ತಣ್ಣನೆಯ ದನಿ ಕೇಳಿ ನನಗೆ ಅಲ್ಲೇ ಉಗಿಯಬೇಕೆನಿಸಿತು.

ದಾದಾಸಾಬ ದನಿ ಏರಿಸಲಿಲ್ಲ. "ಸಾಹೇಬ್ರೇ, ಕಂಪೌಂಡರ್ ರಕ್ತ ನೀವು ಒಂದ್ಸಲಾನೂ ನೋಡ್ಲಿಲ್ಲ. ಕಸ ಗುಡಿಸೋಳ್ದೂ ನೋಡ್ಲಿಲ್ಲ. ನನ್ನದೊಂದೇ ಯಾಕೆ ತಿಂಗಳು ತಿಂಗಳು ನೋಡ್ತಿದ್ರಿ?"

ಡಾಕ್ಟರು ಕನ್ನಡಕ ತೆಗೆದು ಒರೆಸತೊಡಗಿದರು. ಸುಭಾನ್‌ಗೆ ಅಷ್ಟು ಸಾಕಾಯಿತು. "ನಡೀರಿ ಬೀಗರೇ" ಎಂದು ದಾದಾಸಾಬನ ಆ ಹುಣ್ಣು ಕೈಯನ್ನೇ ಹಿಡಿದುಕೊಂಡು ಹೊರಬಂದ.

ಮೈಮೂನಾಳ ನಿಕಾಹ್ ಆಯಿತು. ಸುಭಾನ್ ಬೀಗರೊಂದಿಗೆ ಒಂದೇ ತಾಟಿನಲ್ಲಿ ಉಂಡ. ಅಷ್ಟರೊಳಗೆ ಹುಬ್ಬಳ್ಳಿಯ ದೊಡ್ಡ ದವಾಖಾನೆಯಲ್ಲಿ ದಾದಾಸಾಬನ ಎರಡು ಬೆರಳು ಕತ್ತರಿಸಿ ಆಗಿತ್ತು. ಅವನ ಜಾಗಕ್ಕೆ ಬೈರ ಎಂಬವನು ಸೇರಿದ. ಡಾಕ್ಟರು ಅವನಿಗೂ ಕೈಗವಸು ಕೊಡಲಿಲ್ಲ. ಮೊದಲ ದಿನವೇ ಬೆರಳು ಚುಚ್ಚಿ ರಕ್ತ ತೆಗೆದುಕೊಂಡರು.